ಬೋರಿ ಹೊಳೆಯ ಗುಂಟ ನೋಡತಕ್ಕ ಸ್ಥಳಗಳು

ಹಿಂಗಾರಿ ಜೋಳ ಹಾಲುಗಾಳಿಗೆ ಬರುವ ಹೊತ್ತಿಗೆ ಎಳ್ಳ ಅಮಾಸಿ ಬರುತ್ತದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿರೊಟ್ಟಿ-ಭಜ್ಜಿ ಉಂಡು, ಅಂಬಲಿ ಕುಡಿದು ಮನೆಗೆ ಮರಳಿದ ಮೇಲೆ ಕೊಯ್ಲಿನವರೆಗೆ ಒಕ್ಕಲಿಗನಿಗೆ ಹಕ್ಕಿ ಕಾಯುವದನ್ನು ಬಿಟ್ಟರೆ ನಾಲ್ಕೆಂಟು ದಿನ ಬಿಡುವು ಸಿಗುತ್ತದೆ. ಶಾಲೆಯ ಮಕ್ಕಳ ಪ್ರವಾಸ ಹೊರಡುವದೂ ಈ ದಿನಗಳಲ್ಲಿಯೇ. ನಮ್ಮ ಸೀಮೆಯ ಕನ್ನಡ ಶಾಲೆಗಳ ಮಕ್ಕಳು ವಿಜಾಪುರದ ಗೋಲಗುಮ್ಮಟ ನೋಡಿ ಬರುತ್ತಾರೆ, ಹಂಪಿಯನ್ನೂ ನೋಡಿ ಬರುತ್ತಾರೆ. ಅದು ಸಂತೋಷದ ಮಾತು. ಆದರೆ ಊರ ಹತ್ತಿರ ಹರಿಯುವ ಬೋರಿ ಹೊಳೆಗೆ ಯಾರು ಯಾವಾಗ ಒಡ್ಡು ಹಾಕಿದರೆಂದು ಕೇಳಿದರೆ ಮಕ್ಕಳೂ ಸುಮ್ಮನಿರುತ್ತಾರೆ, ಮಕ್ಕಳ ತಂದೆಗಳೂ ಸುಮ್ಮನಿರುತ್ತಾರೆ.

ಒಕ್ಕಲುತನದ ಪುಟದಲ್ಲಿ ಪ್ರವಾಸದ ಮಾತೇಕೆ ಎಂದು ವಾಚಕರು ಕೇಳಬಹುದು. ಕುರನೂರಿನ ಸುತ್ತಮುತ್ತ ಎರಡು ದಿನದಲ್ಲಿ ನೋಡಿ ಮುಗಿಸಬಹುದಾದ ಸ್ಥಳಗಳಲ್ಲಿ ಮುಖ್ಯವಾದವೆಲ್ಲ ನೀರು ನಿಲ್ಲಿಸಿದ ಸ್ಥಳಗಳು. ಆದ್ದರಿಂದ ಅವುಗಳನ್ನು ಒಕ್ಕಲಿಗನ ಕಣ್ಣಿನಿಂದ ನೋಡತಕ್ಕದ್ದು. ಪ್ರವಾಸಕ್ಕೆ ಹೊರಡುವಾಗ ನಾವು ಮಕ್ಕಳಿಗೆ ಮೂರೇ ಪ್ರಶ್ನೆ ಬರೆದುಕೊಳ್ಳಲು ಹೇಳುತ್ತೇವೆ. ನೀರನ್ನು ಯಾವುದು ತಡೆದಿದೆ? ಹೆಚ್ಚಾದ ನೀರು ಎಲ್ಲಿಂದ ಹೋಗುತ್ತದೆ? ನೀರಿನ ಸಂಗಡ ಬಂದ ಮಣ್ಣು ಏನಾಗುತ್ತದೆ?

ನಳದುರ್ಗದ ಕಲ್ಲಿನ ಒಡ್ಡು

ಪ್ರವಾಸವನ್ನು ಹೊಳೆಯ ಮೇಲ್ಗಡೆಯಿಂದ ಆರಂಭಿಸುವದು ಒಳ್ಳೆಯದು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಧಾರಾಶಿವ ಜಿಲ್ಲೆಯೊಳಗೆ ನಳದುರ್ಗ ಇದೆ. ಬಹಮನಿ ಸುಲ್ತಾನರ ತರುವಾಯ ಈ ಕೋಟೆ ವಿಜಾಪುರದ ಆದಿಲಶಾಹಿಗೆ ಸೇರಿತು. ಆಮೇಲೆ ಮೊಗಲರು, ಅವರ ಹಿಂದಿನಿಂದ ನಿಜಾಮರು ಇದನ್ನು ಆಳಿದರು.

ಕೋಟೆಯ ಒಂದು ಮಗ್ಗುಲಿಗೆ ಬೋರಿ ಹೊಳೆ ಹರಿಯುತ್ತದೆ. ಆಚೆ ದಂಡೆಯ ರಣಮಂಡಳವೆಂಬ ಚಿಕ್ಕ ಕೋಟೆಗೂ ಈಚೆಯ ದೊಡ್ಡ ಕೋಟೆಗೂ ನಡುವೆ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿದ್ದಾರೆ. ಇದು ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದ್ದು, 1613ರದು. ಗೋಲಗುಮ್ಮಟ ಕಟ್ಟಿಸಿದ ಮಹಮ್ಮದ ಆದಿಲಶಹನ ತಂದೆಯೇ ಈ ಇಬ್ರಾಹಿಂ. ಅಂದರೆ ಮಗನ ಗುಮ್ಮಟಕ್ಕಿಂತ ತಂದೆಯ ಒಡ್ಡು ಹಿರಿಯದು. ಒಡ್ಡಿನ ಹೊಟ್ಟೆಯೊಳಗೆ ಮೆಟ್ಟಲಿಳಿದು ಹೋಗುವ ಒಂದು ಕೋಣೆಯುಂಟು. ಅದಕ್ಕೆ ಪಾನಿಮಹಲು ಎನ್ನುತ್ತಾರೆ. ಮೇಲೆ ಹೊಳೆ ತುಂಬಿ ಹರಿಯುತ್ತಿರುವಾಗಲೂ ಒಳಗಿದ್ದವರು ಒಣಗಿದ ಜಾಗದಲ್ಲಿ ಕುಳಿತು ಎದುರಿಗೆ ಬೀಳುವ ನೀರನ್ನು ನೋಡುವಂತೆ ಇದನ್ನು ಕಟ್ಟಿದ್ದಾರೆ.

ಬಂದವರೆಲ್ಲ ಪಾನಿಮಹಲು ನೋಡಿ ಹೊರಟುಬಿಡುತ್ತಾರೆ. ಒಕ್ಕಲಿಗನು ನೋಡಬೇಕಾದದ್ದು ಒಡ್ಡಿನ ನೆತ್ತಿಯ ಮೇಲಿದೆ. ಹೊಳೆ ತುಂಬಿದಾಗ ನೀರು ನೆತ್ತಿಯ ಉದ್ದಕ್ಕೂ ಮನಬಂದ ಕಡೆಗೆ ಹೊರಳುವದಿಲ್ಲ. ಅದಕ್ಕೆಂದೇ ಬಿಟ್ಟ ಎರಡು ಬಾಯಿಗಳಿಂದ ಧುಮುಕುತ್ತದೆ. ಜನರು ಒಂದಕ್ಕೆ ನರ, ಇನ್ನೊಂದಕ್ಕೆ ಮಾದಿ ಎಂದು ಹೆಸರಿಟ್ಟಿದ್ದಾರೆ. ಕೆಳಗೆ ಕರಿಕಲ್ಲಿನ ತಳವಿದೆ. ಬಿದ್ದ ನೀರು ಕಲ್ಲಿನ ಮೇಲೆ ಬೀಳುವದರಿಂದ ಒಡ್ಡಿನ ಬುಡ ಕೊರೆಯುವದಿಲ್ಲ. ನಾಲ್ಕು ನೂರು ವರ್ಷ ಒಡ್ಡು ನಿಂತದ್ದು ಬರೇ ಗಚ್ಚಿನ ಗಟ್ಟಿತನದಿಂದಲ್ಲ. ಹೆಚ್ಚಾದ ನೀರಿಗೆ ದಾರಿ ಕೊಟ್ಟದ್ದರಿಂದಲೂ ನಿಂತಿದೆ.

ಈ ಧುಮುಕು ಕಾಣಬೇಕಾದರೆ ಮಳೆಗಾಲದಲ್ಲಿ, ಹೊಳೆ ತುಂಬಿದಾಗ ಹೋಗಬೇಕು. ಎಳ್ಳ ಅಮಾಸಿಯ ಹೊತ್ತಿಗೆ ಹೋದರೆ ಒಡ್ಡಿನ ಕಟ್ಟಡವನ್ನು ಸಾವಕಾಶವಾಗಿ ನೋಡಬಹುದು. ನೀರು ಹರಿಯುತ್ತಿದ್ದಾಗ ಒಡ್ಡಿನ ಅಂಚಿಗೆ ಮಕ್ಕಳನ್ನು ಬಿಡಬಾರದು. ಪಾಚಿಗಟ್ಟಿದ ಕಲ್ಲು ದೊಡ್ಡವರನ್ನೂ ಕೆಡವುತ್ತದೆ.

ಕುರನೂರಿನ ಮಣ್ಣಿನ ಒಡ್ಡು

ನಳದುರ್ಗ ಬಿಟ್ಟ ಬೋರಿ ದಕ್ಷಿಣಕ್ಕೆ ಇಳಿದು ಅಕ್ಕಲಕೋಟ ತಾಲೂಕಿಗೆ ಬರುತ್ತದೆ. 1948ಕ್ಕೆ ಮೊದಲು ನಳದುರ್ಗ ನಿಜಾಮರ ಸೀಮೆ, ಅಕ್ಕಲಕೋಟ ಭೋಸಲೆ ಅರಸರ ಸಂಸ್ಥಾನ, ಸೊಲ್ಲಾಪುರ 1947ರ ವರೆಗೆ ಇಂಗ್ಲಿಷರ ಜಿಲ್ಲೆ. ಆಳುವವರು ಬದಲಾದರೂ ಹೊಳೆ ಮಾತ್ರ ತನ್ನ ದಾರಿಯಲ್ಲಿಯೇ ಹರಿದು ಭೀಮೆಯನ್ನು ಸೇರುತ್ತ ಬಂದಿದೆ.

ಅಕ್ಕಲಕೋಟದ ಉತ್ತರಕ್ಕೆ ಕುರನೂರಿನಲ್ಲಿ ಈ ಹೊಳೆಗೆ ಹಾಕಿದ್ದು ಮಣ್ಣಿನ ಒಡ್ಡು. ಉದ್ದ ಒಂದು ಕಿಲೋಮೀಟರಿಗಿಂತ ಹೆಚ್ಚು. ನಳದುರ್ಗವನ್ನು ನೋಡಿದ ಕಣ್ಣಿಗೆ ಇದು ಸಪ್ಪೆಯಾಗಿ ಕಾಣಬಹುದು. ಆದರೆ ನಮಗೆ ಕಲಿಯಲಿಕ್ಕೆ ಹೆಚ್ಚು ಇರುವದು ಇಲ್ಲಿಯೇ. ನಮ್ಮ ಹೊಲದ ಒಡ್ಡುಗಳೂ ಮಣ್ಣಿನವೇ ಅಲ್ಲವೇ?

ನಮ್ಮ ಕಡೆಯ ದೊಡ್ಡ ಮಣ್ಣಿನ ಒಡ್ಡುಗಳ ರಚನೆ ಸಾಮಾನ್ಯವಾಗಿ ಹೀಗಿರುತ್ತದೆ. ನಡುವೆ ಜಿಗುಟಾದ ಮಣ್ಣನ್ನು ತೆಳ್ಳಗೆ ಹರವಿ, ನೀರು ಹೊಡೆದು, ಧಮ್ಮಸು ಮಾಡಿ ಪದರು ಪದರಾಗಿ ಏರಿಸುತ್ತಾರೆ. ನೀರು ಜಿನುಗದಂತೆ ತಡೆಯುವದು ಇದರ ಕೆಲಸ. ಎರಡೂ ಮಗ್ಗುಲಿಗೆ ಮುರುಮಿನ ಹೊದಿಕೆ ಹಾಕುತ್ತಾರೆ. ಬರೇ ಎರೆಮಣ್ಣಿನಿಂದ ಒಡ್ಡು ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೊದಲ ಮಳೆಯ ನೀರು ಆ ಬಿರುಕಿನಲ್ಲಿಯೇ ಹೊಕ್ಕು ಒಡೆಯುತ್ತದೆ. ಬರೇ ಮುರುಮು ಹಾಕಿದರೆ ನೀರು ನಿಲ್ಲುವದಿಲ್ಲ. ಎರಡೂ ಕೂಡಿದರೆ ಒಡ್ಡು. ನೀರಿನ ಕಡೆಯ ಮೈಗೆ ಕಲ್ಲು ಹಾಸುವದು ತೆರೆಗಳು ಮಣ್ಣನ್ನು ತಿನ್ನಬಾರದೆಂದು.

ಮಣ್ಣಿನ ಒಡ್ಡಿಗೆ ಒಂದು ದೊಡ್ಡ ಭಯವುಂಟು. ನೀರು ಎಂದೂ ಅದರ ನೆತ್ತಿಯ ಮೇಲೆ ಹತ್ತಬಾರದು. ಹತ್ತಿದರೆ ಕೊರೆಯುತ್ತ ಕೊರೆಯುತ್ತ ಸ್ವಲ್ಪ ಹೊತ್ತಿನಲ್ಲಿಯೇ ಒಯ್ದುಬಿಡುತ್ತದೆ. ಆದ್ದರಿಂದ ಹೆಚ್ಚಾದ ನೀರನ್ನು ಹೊರಗೆ ಬಿಡಲು ಬೇರೆ ಬಾಗಿಲುಗಳಿರುತ್ತವೆ. 2020ರ ಅಕ್ಟೋಬರದಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲಿ ಸುರಿದ ವಿಪರೀತ ಮಳೆಗೆ ಬೋರಿ ಉಕ್ಕಿ ದಂಡೆಯ ಹಳ್ಳಿಗಳಿಗೂ ಹೊಲಗಳಿಗೂ ನುಗ್ಗಿದ್ದನ್ನು ಅಕ್ಕಲಕೋಟ ತಾಲೂಕಿನ ಜನ ಮರೆತಿಲ್ಲ. ಒಡ್ಡು ಉಳಿಯಬೇಕಾದರೆ ನೀರು ಬಿಡಲೇಬೇಕು. ಬಿಟ್ಟ ನೀರು ಹೊಳೆಯ ಪಾತ್ರದಲ್ಲಿಯೇ ಹೋಗಬೇಕಾದರೆ ಪಾತ್ರವನ್ನು ನಾವು ಒತ್ತಿಕೊಂಡಿರಬಾರದು. ಇದನ್ನು ಮಕ್ಕಳಿಗೆ ಒಡ್ಡಿನ ಹತ್ತಿರ ನಿಲ್ಲಿಸಿ ಹೇಳಿದರೆ ಪುಸ್ತಕದ ಹತ್ತು ಪಾಠಕ್ಕೆ ಸಮ.

ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ದೂರದ ಬಾತುಗಳು ಬಂದು ಇಳಿಯುತ್ತವೆ. ಅವು ನೀರಿನಲ್ಲಿ ಕಾಣಬೇಕಾದರೆ ಬೆಳಗಿನ ಹೊತ್ತು ಹೋಗಿ ಗದ್ದಲ ಮಾಡದೆ ಕೂಡಬೇಕು.

ಅಕ್ಕಲಕೋಟ ಮತ್ತು ಸೊಲ್ಲಾಪುರ

ಕುರನೂರಿನಿಂದ ಅಕ್ಕಲಕೋಟಕ್ಕೆ ಬಂದರೆ ಮೊದಲ ದಿನ ಮುಗಿಯುತ್ತದೆ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ವಟವೃಕ್ಷದ ಗುಡಿಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅರಸರ ಹಳೆಯ ಆಯುಧಗಳ ಸಂಗ್ರಹವೂ ಈ ಊರಲ್ಲಿದೆ.

ಎರಡನೆಯ ದಿನ ಸೊಲ್ಲಾಪುರ. ಕೋಟೆಯ ಮಗ್ಗುಲಿಗೆ ಕೆರೆ, ಕೆರೆಯ ನಡುವೆ ಸಿದ್ಧೇಶ್ವರನ ಗುಡಿ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಏಳು ನಂದಿಧ್ವಜಗಳು ಹೊರಡುವದನ್ನು ನಮ್ಮವರು ಬಹಳ ಮಂದಿ ಕಂಡಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಸೊನ್ನಲಿಗೆ ಎಂಬ ಹೆಸರಿತ್ತು. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಕನ್ನಡ ವಚನಗಳನ್ನು ಬರೆದ ಶಿವಯೋಗಿ ಸಿದ್ಧರಾಮನು ಇಲ್ಲಿಯವನೇ. ಆತನು ಭಕ್ತರನ್ನು ಕೂಡಿಸಿಕೊಂಡು ಕೆರೆ ಅಗೆಸಿದನು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಆತನನ್ನು ಒಡ್ಡನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆ ಅಗೆಸುವದರಿಂದಲೇ ಮುಕ್ತಿ ಸಿಕ್ಕೀತೇ ಎಂಬುದು ಪ್ರಭುಗಳ ಪ್ರಶ್ನೆ. ಆ ಚರ್ಚೆ ದೊಡ್ಡವರದು. ಒಕ್ಕಲಿಗರಾದ ನಾವು ಇಷ್ಟು ಹೇಳಬಹುದು: ಆತನು ಅಗೆಸಿದ ಕೆರೆಯ ದಂಡೆಯಲ್ಲಿ ಎಂಟು ಶತಮಾನಗಳ ಮೇಲೂ ಜನ ಕೂಡುತ್ತಾರೆ.

ಸೊಲ್ಲಾಪುರದ ಹತ್ತಿರವೇ ಇಂಗ್ಲಿಷರು 1871ರಲ್ಲಿ ಮುಗಿಸಿದ ಏಕರೂಖದ ಕೆರೆಯೂ ಉಂಟು. ಇದನ್ನು ಹಿಪ್ಪರಗಿ ಕೆರೆ ಎಂದೂ ಕರೆಯುತ್ತಾರೆ. ಇದೂ ಮಣ್ಣಿನ ಒಡ್ಡೇ. ಕುರನೂರು ನೋಡಿದ ಮಕ್ಕಳು ಇದನ್ನು ಹೇಳದೆಯೇ ಗುರುತಿಸುತ್ತಾರೆ.

ಹೂಳಿನ ಮಾತು

ಮೂರನೆಯ ಪ್ರಶ್ನೆ ಉಳಿಯಿತು. ನಿಂತ ನೀರೆಲ್ಲ ಮಣ್ಣನ್ನು ಕೆಳಗೆ ಬಿಡುತ್ತದೆ. ವರ್ಷ ವರ್ಷಕ್ಕೆ ಕೆರೆಯ ಹೊಟ್ಟೆ ಸಣ್ಣದಾಗುತ್ತದೆ. ಆ ಹೂಳು ಬೇರೆ ಎಲ್ಲಿಯದೂ ಅಲ್ಲ, ಮೇಲ್ಗಡೆಯ ಹೊಲಗಳ ಮೇಲ್ಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದನ್ನು ತೆಗೆದು ಹೊಲಕ್ಕೆ ಹರವುವ ಯೋಜನೆಯನ್ನು ಮಹಾರಾಷ್ಟ್ರ ಸರಕಾರವು 2017ರಲ್ಲಿ ಹೊರಡಿಸಿತು. ಅದಕ್ಕೆ ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ ಎಂದು ಹೆಸರು. ಮರಾಠಿಯ ಗಾಳ ಎಂದರೆ ನಮ್ಮ ಹೂಳು. ಹೂಳು ಹಾಕುವವರು ಒಂದು ಮಾತು ನೆನಪಿಡಬೇಕು. ಮಡ್ಡಿ ಹೊಲಕ್ಕೆ, ಮುರುಮಿನ ಹೊಲಕ್ಕೆ ಅದು ಬಂಗಾರ. ಮೊದಲೇ ನೀರು ಹಿಡಿಯುವ ದಪ್ಪ ಎರೆಗೆ ಹಾಕಿದರೆ ಜವಳು ಹೆಚ್ಚುತ್ತದೆ. ಒಯ್ಯುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ ಉಪ್ಪಿನಂಶ ನೋಡಿಕೊಳ್ಳುವದು ಒಳ್ಳೆಯದು.

ಇಷ್ಟೆಲ್ಲ ಹೇಳುವ ನಾವೂ ಒಮ್ಮೆ ಎಡವಿದವರೇ. ಹೊಲದ ತಗ್ಗಿನ ಮಗ್ಗುಲಿಗೆ ಒಳ್ಳೆಯ ಎತ್ತರದ ಒಡ್ಡು ಹಾಕಿಸಿ, ಒಂದು ಹನಿಯೂ ಹೊರಗೆ ಹೋಗದೆಂದು ಹೆಮ್ಮೆಪಟ್ಟೆವು. ಉತ್ತರಿಯ ಒಂದೇ ಮಳೆಗೆ ಅದು ನಡುವೆ ಒಡೆದು, ಬಿತ್ತಲು ಹದ ಮಾಡಿದ್ದ ಮಣ್ಣೆಲ್ಲ ಹಳ್ಳದ ಪಾಲಾಯಿತು. ಆಮೇಲೆ ನಳದುರ್ಗದ ನರ-ಮಾದಿ ನೆನಪಾದವು. ಈಗ ನಮ್ಮ ಒಡ್ಡಿಗೆ ನೆತ್ತಿಗಿಂತ ಒಂದು ಮೊಳ ತಗ್ಗಿಗೆ ಕಲ್ಲಿನ ಕೋಡಿ ಇದೆ. ನೀರು ಬೀಳುವ ಕಡೆಗೆ ದಪ್ಪ ಕಲ್ಲುಗಳನ್ನು ಹಾಸಿದ್ದೇವೆ. ಖರ್ಚು ದೊಡ್ಡದಲ್ಲ, ಹೊಲ ಕೆದರಿದಾಗ ಸಿಕ್ಕ ಕಲ್ಲೇ ಸಾಕಾದವು.

ಆದ್ದರಿಂದ ರೈತ ಬಾಂಧವರಲ್ಲಿ ನಮ್ಮ ವಿನಂತಿಯಿಷ್ಟೇ. ಈ ಸಲದ ಬಿಡುವಿನಲ್ಲಿ ಮಕ್ಕಳನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಬೋರಿಯ ಗುಂಟ ಹೊರಡಿರಿ. ಕಲ್ಲಿನ ಒಡ್ಡನ್ನೂ ಮಣ್ಣಿನ ಒಡ್ಡನ್ನೂ ಸಿದ್ಧರಾಮನ ಕೆರೆಯನ್ನೂ ತೋರಿಸಿರಿ. ಮರಳಿ ಬಂದ ಮರುದಿನ ಅದೇ ಮಕ್ಕಳನ್ನು ನಿಮ್ಮ ಹೊಲದ ಒಡ್ಡಿನ ಮೇಲೆ ನಿಲ್ಲಿಸಿ ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರ ತಡವರಿಸಿದರೆ ಮುಂದಿನ ಮಳೆಗಾಲದ ಒಳಗೆ ಕೋಡಿಯ ಕೆಲಸ ಮಾಡಿಸಿರಿ.