ಷಟರಿಗೆ ಮೂರು ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದಿದೆ!

ದಾವಣಗೆರೆ ಮಂಡಿಪೇಟೆಯಲ್ಲಿ ರಾತ್ರಿ ಅಂಗಡಿ ಮುಚ್ಚುವುದನ್ನು ನೋಡಬೇಕು. ಷಟರು ಗಡಗಡ ಇಳಿಯುತ್ತದೆ. ಆಚೆ ಒಂದು ಬೀಗ, ಈಚೆ ಒಂದು ಬೀಗ, ನಡುವೆ ಇನ್ನೊಂದು. ಸಾವ್ಕಾರ್ರು ಮೂರನ್ನೂ ಜಗ್ಗಿ ನೋಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ, ಅನುಮಾನ ಬಂದು, ವಾಪಸ್ಸು ಬಂದು ಇನ್ನೊಮ್ಮೆ ಜಗ್ಗುತ್ತಾರೆ. ಆಮೇಲೇ ಮನೆಯಲ್ಲಿ ಊಟ, ನಿದ್ದೆ.

ಆದರೆ ಒಳಗೆ, ಗಲ್ಲಾದ ಮೇಲಿನ ಹಲಗೆಯಲ್ಲಿ, ಒಂದು ಪುಟ್ಟ ಡಬ್ಬಿ ಹಸಿರು ದೀಪ ಮಿಣುಕಿಸುತ್ತಾ ಎಚ್ಚರವಾಗಿಯೇ ಕೂತಿರುತ್ತದೆ. ಅದೇ ಇಂಟರ್ನೆಟ್ ರೂಟರ್. ಅದಕ್ಕೆ ಬೀಗ ಹಾಕಿದ್ದೀರಾ ಅಂತ ಕೇಳಿ ನೋಡಿ. 'ಅದಕ್ಯಾತರ ಬೀಗ್ರೀ?' ಎಂದು ನಗುತ್ತಾರೆ.

ನಕ್ಕವರಲ್ಲಿ ನಮ್ಮ ಪರಿಚಯದ ಒಬ್ಬ ಕಿರಾಣಿ ವ್ಯಾಪಾರಿಗಳೂ ಇದ್ದರು. ಈಗ ನಗುತ್ತಿಲ್ಲ. ರಜಕ್ಕೆ ಬಂದಿದ್ದ ಸೋದರಳಿಯ, ಎಂಜಿನಿಯರಿಂಗ್ ಓದುವ ಹುಡುಗ, ಸುಮ್ಮನೆ ಕೂರಲಾರದೆ ರೂಟರಿನ ಪುಟ ತೆರೆದ.

'ಮಾವಾ, ಇಲ್ಲಿ ಮೂರು ಸಾಲು ಬರೆದವರು ಯಾರು?'

'ನಾನೆಲ್ಲಿ ಬರೀಲೋ? ಅದಕ್ಕೊಂದು ಪುಟ ಐತೆ ಅನ್ನೋದೇ ನನಗೆ ಈಗ ಗೊತ್ತಾಗ್ತಿರೋದು.'

ಎರಡು ಸಾಲನ್ನು ಬರೆಸಿದ್ದು ಸಿಸಿ ಕ್ಯಾಮೆರಾದ ಪೆಟ್ಟಿಗೆ. ಅದು ಯಾರನ್ನೂ ಕೇಳದೆ ತಾನೇ ಬರೆಸಿಕೊಂಡಿತ್ತು. ಮೂರನೆಯದು ಬಿಲ್ಲಿಂಗ್ ಕಂಪ್ಯೂಟರಿನದು. ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಹಾಕಲು ಬಂದವನು 'ದೂರದಿಂದಲೇ ರಿಪೇರಿ ಮಾಡ್ತೀನಿ' ಎಂದು ತೆರೆದ 3389ನೇ ನಂಬರಿನ ಬಾಗಿಲು. ಅವನು ಆ ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಬಾಗಿಲು ಮಾತ್ರ ತೆರೆದೇ ಇತ್ತು.

ಹುಡುಗ ತನ್ನ ಮೊಬೈಲಿನ ವೈಫೈ ಆರಿಸಿ, ಸಿಮ್ಮಿನ ಡೇಟಾದಿಂದ ಅಂಗಡಿಯ ಇಂಟರ್ನೆಟ್ ವಿಳಾಸ ಹೊಡೆದ. ಕ್ಯಾಮೆರಾ ಪೆಟ್ಟಿಗೆ ತೆರೆದುಕೊಂಡಿತು. ಪಾಸ್‌ವರ್ಡು? ಕಾರ್ಖಾನೆಯಿಂದ ಬಂದಾಗಿನದೇ! ಗಲ್ಲಾದ ಮೇಲಿನ ಕ್ಯಾಮೆರಾದಲ್ಲಿ ಮಾವನವರು ನೋಟು ಎಣಿಸುವುದು ನಿಚ್ಚಳವಾಗಿ ಕಂಡಿತು.

'ನನ್ನ ಗಲ್ಲಾನ ನನಗಿಂತ ಮುಂಚೆ ಯಾರ್ಯಾರು ಎಣಿಸಿದ್ರೋ!' ಎಂದು ಅವರು ಕುರ್ಚಿಯಲ್ಲಿ ಕುಸಿದರು.

ಕಾವಲುಗಾರನ ರಿಜಿಸ್ಟರು

ಇದು ಹೇಗಾಯಿತು? ರೂಟರ್ ಅಂದರೆ ವಠಾರದ ಗೇಟಿನ ಕಾವಲುಗಾರ ಅಂದುಕೊಳ್ಳಿ. ಹೊರಗಿನ ಜಗತ್ತಿಗೆ ಗೊತ್ತಿರುವುದು ವಠಾರದ ವಿಳಾಸ ಒಂದೇ. ಒಳಗಿನ ಮನೆಗಳು, ಅಂದರೆ ನಿಮ್ಮ ಕಂಪ್ಯೂಟರು, ಮೊಬೈಲು, ಟೀವಿ, ಕ್ಯಾಮೆರಾ, ಹೊರಗಿನವರಿಗೆ ಕಾಣುವುದಿಲ್ಲ. ಒಳಗಿನವರು ಹೊರಗೆ ಪತ್ರ ಬರೆದರೆ ಕಾವಲುಗಾರ ಗುರುತಿಟ್ಟುಕೊಂಡು ಉತ್ತರವನ್ನು ಅವರಿಗೇ ತಲುಪಿಸುತ್ತಾನೆ. ಕರೆಯದೆ ಬಂದವನನ್ನು ಗೇಟಿನಲ್ಲೇ ತಡೆಯುತ್ತಾನೆ. ಈ ತಡೆಯುವ ಕೆಲಸವೇ ಫೈರ್‌ವಾಲ್.

ಆದರೆ ಕೆಲವರು ಕರೆಯದೆಯೂ ಬರಬೇಕಾಗುತ್ತದೆ. 'ಇಂಥ ನಂಬರು ಕೇಳಿಕೊಂಡು ಬಂದವರನ್ನು ಇಂಥ ಮನೆಗೆ ಕಳಿಸು' ಎಂದು ರಿಜಿಸ್ಟರಿನಲ್ಲಿ ಬರೆದಿಟ್ಟರೆ ಅದು ಪೋರ್ಟ್ ಫಾರ್ವರ್ಡಿಂಗ್. ಇಂಥ ನಂಬರುಗಳು 65,535 ಇವೆ. ಮನೆ ಯಜಮಾನ ತಿಳಿದು ಬರೆದರೆ ತಪ್ಪಿಲ್ಲ.

ತಂಟೆ ಶುರುವಾಗುವುದು ಯುಪಿಎನ್‌ಪಿ ಎಂಬ ಏರ್ಪಾಡಿನಿಂದ. ಬಿಡಿಸಿ ಹೇಳಿದರೆ ಯೂನಿವರ್ಸಲ್ ಪ್ಲಗ್ ಅಂಡ್ ಪ್ಲೇ. 1999ರಲ್ಲಿ ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳು ಕೂಡಿ, ಜನರಿಗೆ ತಲೆನೋವು ಬೇಡ, ಯಂತ್ರಗಳೇ ಮಾತಾಡಿಕೊಳ್ಳಲಿ ಎಂದು ಇದಕ್ಕೊಂದು ವೇದಿಕೆ ಕಟ್ಟಿದವು. ಉದ್ದೇಶ ಒಳ್ಳೆಯದೇ. ಆದರೆ ಒಳಗಿನ ಯಾವ ಯಂತ್ರ ಬಂದು 'ನನ್ನ ಹೆಸರಿಗೆ ಒಂದು ಬಾಗಿಲು ಬರ್ಕೋ' ಅಂದರೂ ಈ ಕಾವಲುಗಾರ ಬರೆದುಕೊಳ್ಳುತ್ತಾನೆ. ಪಾಸ್‌ವರ್ಡು ಕೇಳುವುದಿಲ್ಲ. ಯಜಮಾನನಿಗೆ ಸುದ್ದಿ ಮುಟ್ಟಿಸುವುದಿಲ್ಲ. ಕೇಳಿದ್ದು ಕ್ಯಾಮೆರಾನೋ, ಕಂಪ್ಯೂಟರು ಹೊಕ್ಕ ವೈರಸ್ಸೋ ಅವನಿಗೆ ಎಲ್ಲಾ ಒಂದೇ!

ಇನ್ನೂ ಮೋಜು ಕೇಳಿ. ಮನೆಯೊಳಗಿನವರಿಗೆ ಮಾತ್ರ ಉತ್ತರ ಕೊಡಬೇಕಾದ ಈ ವ್ಯವಸ್ಥೆ ಎಷ್ಟೋ ಯಂತ್ರಗಳಲ್ಲಿ ಬೀದಿಯವರಿಗೂ ಉತ್ತರ ಕೊಡುತ್ತಿತ್ತು. 2013ರ ಜನವರಿಯಲ್ಲಿ ರ‍್ಯಾಪಿಡ್7 ಎಂಬ ಸಂಸ್ಥೆ ಲೆಕ್ಕ ಹಾಕಿದಾಗ, ಜಗತ್ತಿನಾದ್ಯಂತ 8 ಕೋಟಿಗೂ ಹೆಚ್ಚು ವಿಳಾಸಗಳು ಹೀಗೆ ಓಗೊಟ್ಟವು.

ಕಥೆಯಲ್ಲ, ನಡೆದದ್ದು

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಗಂಟೆಗಟ್ಟಲೆ ಏರುಪೇರಾದವು. ಧಾಳಿ ಮಾಡಿದ ಸೈನ್ಯ ಯಾವುದು ಗೊತ್ತೇ? ಮಿರಾಯ್ ಎಂಬ ದುಷ್ಟ ಪ್ರೋಗ್ರಾಮಿನ ಕೈಗೆ ಸಿಕ್ಕ ಕ್ಯಾಮೆರಾ, ರೆಕಾರ್ಡರು, ರೂಟರುಗಳು. ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಬಾಗಿಲು ಬಡಿದೇ ಅದು ಒಳಹೊಕ್ಕಿತ್ತು.

2018ರ ನವೆಂಬರಿನಲ್ಲಿ ಅಕಮೈ ಸಂಸ್ಥೆ ಇನ್ನೊಂದು ಬಯಲಿಗೆಳೆಯಿತು. 45 ಸಾವಿರಕ್ಕೂ ಹೆಚ್ಚು ರೂಟರುಗಳ ರಿಜಿಸ್ಟರಿನಲ್ಲಿ, ಯುಪಿಎನ್‌ಪಿ ಮೂಲಕ ಹೊರಗಿನ ಕಳ್ಳರೇ ಸಾಲು ಬರೆದು ಒಳಗಿನ ಕಂಪ್ಯೂಟರುಗಳಿಗೆ ದಾರಿ ಮಾಡಿಕೊಂಡಿದ್ದರು. 2019ರ ಜನವರಿಯಲ್ಲಂತೂ ಸಾವಿರಾರು ಜನರ ಮನೆ ಟೀವಿಯಲ್ಲಿ 'ನಿಮ್ಮ ಯಂತ್ರ ಬಯಲಿಗೆ ಬಿದ್ದಿದೆ' ಎಂಬರ್ಥದ ಎಚ್ಚರಿಕೆ ತಾನಾಗಿ ಮೂಡಿತು. ಆಗಲೂ ದಾರಿ ಇದೇ ಯುಪಿಎನ್‌ಪಿ.

'ನಮ್ಮದು ಸಣ್ಣ ಅಂಗಡಿ, ನಮ್ಮನ್ನು ಯಾರು ಹುಡುಕ್ತಾರ್ರೀ?' ಅನ್ನಬೇಡಿ. ಹುಡುಕುವುದು ಮನುಷ್ಯರಲ್ಲ, ಪ್ರೋಗ್ರಾಮುಗಳು. ಬಾಗಿಲು ದೊಡ್ಡದೋ ಸಣ್ಣದೋ ಅವು ನೋಡುವುದಿಲ್ಲ, ತೆರೆದಿದೆಯೇ ಅಂತ ಮಾತ್ರ ನೋಡುತ್ತವೆ. ಬಿಲ್ಲಿಂಗ್ ಕಂಪ್ಯೂಟರು ಹೊಕ್ಕರೆ ಸಾಲದ ಖಾತೆ, ತೆರಿಗೆ ಲೆಕ್ಕ ಎಲ್ಲಕ್ಕೂ ತಾವೇ ಬೀಗ ಜಡಿದು, ಕೀಲಿಗೆ ದುಡ್ಡು ಕೇಳುತ್ತವೆ.

ಒಂದು ಸಮಾಧಾನವಿದೆ. ಎಷ್ಟೋ ಸಾಧಾರಣ ಸಂಪರ್ಕಗಳಲ್ಲಿ ಕಂಪನಿಯವರು ಹಲವು ಗಿರಾಕಿಗಳಿಗೆ ಸೇರಿ ಒಂದೇ ಹೊರವಿಳಾಸ ಕೊಟ್ಟಿರುತ್ತಾರೆ. ಅಲ್ಲಿ ಹೊರಗಿನಿಂದ ನೇರವಾಗಿ ನಿಮ್ಮ ಗೇಟಿಗೆ ಬರುವುದು ಕಷ್ಟ. ಆದರೆ ಕ್ಯಾಮೆರಾ ನೋಡಲೆಂದೇ ಹೆಚ್ಚಿನ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಂಡ ಅಂಗಡಿಯವರೇ ಎಲ್ಲರಿಗಿಂತ ಬಯಲಲ್ಲಿರುವವರು. ದುಡ್ಡು ಕೊಟ್ಟು ದೆವ್ವ ತಂದಂತೆ!

ಮಾಡಬೇಕಾದ್ದೇನು?

ಬಸ್ಸಿನಲ್ಲಿ ಓದುವವರು ಮನೆಗೆ ಹೋಗಿ ಅರ್ಧ ಗಂಟೆ ಕೊಡಿ. ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ವಿಳಾಸವಿರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ವೈಫೈನಲ್ಲಿದ್ದುಕೊಂಡು ಬ್ರೌಸರಿನಲ್ಲಿ ಅದನ್ನು ಹೊಡೆಯಿರಿ. ಒಳಹೋದ ಕೂಡಲೇ ಮೊದಲು ಅಡ್ಮಿನ್ ಪಾಸ್‌ವರ್ಡು ಬದಲಿಸಿ.

ಆಮೇಲೆ ಯುಪಿಎನ್‌ಪಿ ಎಲ್ಲಿದೆ ಹುಡುಕಿ. ಅಡ್ವಾನ್ಸ್ಡ್ ಅಥವಾ ನ್ಯಾಟ್ ಎಂಬ ಕಡೆ ಇರುತ್ತದೆ. ಅಲ್ಲಿನ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದನ್ನು ಆಫ್ ಮಾಡಿ, ಸೇವ್ ಮಾಡಿ. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ಬೇರೆಯೇ ಇರುತ್ತದೆ, ಕೆಲವು ರೂಟರಿನಲ್ಲಿ ಅದರ ಹೆಸರು ವರ್ಚುವಲ್ ಸರ್ವರ್. ಅಲ್ಲಿ ಯಾಕೆಂದು ಗೊತ್ತಿಲ್ಲದ ಸಾಲನ್ನು ಅಳಿಸಿ. ಡಿಎಂಜೆಡ್ ಮತ್ತು ಹೊರಗಿನಿಂದ ರೂಟರ್ ನಡೆಸುವ ರಿಮೋಟ್ ಮ್ಯಾನೇಜ್‌ಮೆಂಟ್ ಎರಡೂ ಬಂದ್ ಇರಲಿ. ಫೈರ್‌ವಾಲ್ ಆನ್ ಇರಲಿ, ಐಪಿವಿ6ಕ್ಕೂ ಸೇರಿ. ಐಪಿವಿ6ನಲ್ಲಿ ಪ್ರತಿ ಯಂತ್ರಕ್ಕೂ ಅದರದೇ ಹೊರವಿಳಾಸವಿರುವುದರಿಂದ ಅಲ್ಲಿ ಫೈರ್‌ವಾಲೇ ಗೋಡೆ. ಕೊನೆಗೆ ರೂಟರನ್ನು ಒಮ್ಮೆ ಆರಿಸಿ ಹಚ್ಚಿ. ಕ್ಯಾಮೆರಾ ಪೆಟ್ಟಿಗೆಯಲ್ಲೂ ಯುಪಿಎನ್‌ಪಿ ಆರಿಸಿ, ಪಾಸ್‌ವರ್ಡು ಬದಲಿಸಿ.

ನಷ್ಟವೇನೂ ಇಲ್ಲವೇ? ಇದೆ. ಮಕ್ಕಳ ಕೆಲವು ಆಟಗಳು 'ನ್ಯಾಟ್ ಸರಿಯಿಲ್ಲ' ಎಂದು ಗೊಣಗಬಹುದು. ಹಳೇ ರೀತಿಯಲ್ಲಿ ಕ್ಯಾಮೆರಾ ನೋಡುವುದು ನಿಲ್ಲಬಹುದು. ತೀರಾ ಬೇಕಾದರೆ ಆ ಒಂದು ಯಂತ್ರಕ್ಕೆ, ಆ ಒಂದು ನಂಬರನ್ನು ನೀವೇ ಕೈಯಾರೆ ಬರೆಯಿರಿ. ಕ್ಯಾಮೆರಾಗೆ ವಿಪಿಎನ್ ಆಗಬಹುದು, ಕಂಪನಿಯ ಆ್ಯಪ್ ಆಗಬಹುದು. ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯೇ ಹೊರಗೆ ಹೋಗಿ ಮಾತಾಡುವುದರಿಂದ ನಿಮ್ಮ ಗೇಟು ತೆರೆಯಬೇಕಿಲ್ಲ. ಕಂಪ್ಯೂಟರಿಗೆ ಆಗಲೇ ರೋಗ ತಗುಲಿದೆ ಅನ್ನಿಸಿದರೆ ಕೇಂದ್ರ ಸರ್ಕಾರ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಉಪಕರಣಗಳಿವೆ. ದುಡ್ಡೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹೊಣೆ ಯಾರದು?

ಕ್ಯಾಮೆರಾ ಹಾಕಿದವನು 'ನೆಟ್ಟಿನವರನ್ನು ಕೇಳಿ' ಅನ್ನುತ್ತಾನೆ. ನೆಟ್ಟಿನವನು 'ಕ್ಯಾಮೆರಾದವರನ್ನು ಕೇಳಿ' ಅನ್ನುತ್ತಾನೆ. ಇಬ್ಬರೂ ದುಡ್ಡು ಎಣಿಸಿಕೊಂಡಾಗಿದೆ. ಇನ್ನುಮೇಲೆ ಹುಡುಗ ಬಂದು ವೈರು ಎಳೆದು ಹೊರಡುವಾಗ ಅಡ್ಡ ನಿಂತು ಕೇಳಿ: 'ತಮ್ಮಾ, ಯಾವ್ಯಾವ ಬಾಗಿಲು ತೆರೆದಿದ್ದೀ? ಪಾಸ್‌ವರ್ಡು ಬದಲಿಸಿದ್ಯಾ? ಬರೆದುಕೊಟ್ಟು ಹೋಗು.' ಬರೆದುಕೊಟ್ಟ ಮೇಲೇ ದುಡ್ಡು ಕೊಡಿ.

ನಮ್ಮ ಕಿರಾಣಿ ವ್ಯಾಪಾರಿಗಳು ಈಗ ರಾತ್ರಿ ಮೂರು ಬೀಗ ಜಗ್ಗುವುದರ ಜೊತೆಗೆ ತಿಂಗಳಿಗೊಮ್ಮೆ ಆ ಪುಟವನ್ನೂ ತೆರೆದು ನೋಡುತ್ತಾರೆ. 'ಖಾತೆ ಪುಸ್ತಕ ಅಂದ್ಮೇಲೆ ಯಾರು ಏನು ಬರೆದ್ರು ಅಂತ ನೋಡ್ಬೇಕಲ್ರೀ' ಅನ್ನುತ್ತಾರೆ. ವ್ಯಾಪಾರಸ್ಥರ ಮಾತು, ತೂಕದ್ದೇ.