ಹುಳುವಿನ ಕುಲ, ಹುಳುವಿನ ದಾರಿ



“ಡಾಕ್ಟರೇ, ಮಗುವಿನ ಹೊಟ್ಟೆಯಲ್ಲಿ ಹುಳ ಆಗಿದೆ, ಔಷಧಿ ಕೊಡಿ” ಎಂದು ಬರುವ ತಾಯಂದಿರನ್ನು ಮೂರು ದಶಕಗಳಿಗೂ ಮೇಲ್ಪಟ್ಟು ಕಾಣುತ್ತಿದ್ದೇನೆ. ಔಷಧಿಯಿಂದ ಹುಳು ಬೀಳುತ್ತದೆ; ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮಗು, ಅದೇ ದೂರು. ಇಲ್ಲಿ ಸೋತದ್ದು ಔಷಧಿಯಲ್ಲ. ಹುಳು ಒಳಬಂದ ದಾರಿಯನ್ನು ನಾವು ಮುಚ್ಚಿರಲಿಲ್ಲ. ದಾರಿಯನ್ನು ಅರಿಯಲು ಹುಳುವಿನ ಕುಲವನ್ನು ಅರಿಯಬೇಕು.

ಜೀವಶಾಸ್ತ್ರವು ಹುಳುಗಳನ್ನು ಮುಖ್ಯವಾಗಿ ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಮೈಮೇಲೆ ಉಂಗುರಗಳಿರುವ ಎರೆಹುಳು ವಲಯವಂತಗಳ ವರ್ಗಕ್ಕೆ ಸೇರಿದ್ದು. ಅದು ರೈತನ ಮಿತ್ರ. ಪಟ್ಟಿಯಂತೆ ಉದ್ದವಾದ ಲಾಡಿಹುಳು ಚಪ್ಪಟೆ ಹುಳುಗಳ ವರ್ಗದ್ದು. ಮೂರನೆಯದು ದುಂಡುಹುಳುಗಳ ವರ್ಗ, ಅಂದರೆ ನೆಮಟೋಡ್‌ಗಳು. ಇವುಗಳ ಮೈಯಲ್ಲಿ ಉಂಗುರಗಳಿಲ್ಲ; ಎರಡೂ ತುದಿ ಚೂಪು; ಹೊರಗೆ ಗಟ್ಟಿಯಾದ ಪೊರೆ. ಬಹುಪಾಲು ಜಾತಿಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ನಮ್ಮ ಕುದಾಪುರದ ಕಾವಲಿನಲ್ಲಿ ಹುಲ್ಲಿನ ಬುಡದ ಒಂದು ಹಿಡಿ ಮಣ್ಣು ತೆಗೆದರೂ ಕಣ್ಣಿಗೆ ಕಾಣದ ದುಂಡುಹುಳುಗಳು ಅದರಲ್ಲಿ ಅಸಂಖ್ಯವಾಗಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ.

ಉಪದ್ರವ ಕೊಡುವ ಕೆಲವಕ್ಕೆ ಒಂದೊಂದಕ್ಕೂ ಬೇರೆ ದಾರಿ. ಹೆಣ್ಣು ಜಂತುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಅವು ಬಯಲು ಶೌಚದಿಂದ ಮಣ್ಣು ಸೇರಿ, ಕೆಲವು ವಾರಗಳಲ್ಲಿ ಬಲಿತು, ತೊಳೆಯದ ಸೊಪ್ಪು ಮತ್ತು ಕೈಗಳ ಮೂಲಕ ಬಾಯಿಗೆ ಬರುತ್ತವೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರಿ ರಕ್ತಹೀನತೆ ತರುತ್ತದೆ. ದಾರದ ಚೂರಿನಂತಹ ಬಿಳಿಹುಳು ರಾತ್ರಿ ಗುದದ್ವಾರದ ಬಳಿ ಮೊಟ್ಟೆಯಿಡುತ್ತದೆ. ಮಗು ತುರಿಸಿಕೊಂಡ ಬೆರಳು ಬಾಯಿಗೆ ಹೋಗುತ್ತದೆ. ಲಾಡಿಹುಳು ಮಾಂಸಾಹಾರಿಗಳಿಗೆ ಮಾತ್ರ ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ಮಲಿನ ನೀರು, ತರಕಾರಿಗಳ ಮೂಲಕ ಸಸ್ಯಾಹಾರಿಯ ಹೊಟ್ಟೆಗೂ ಹೋಗಿ, ಮೆದುಳಿನಲ್ಲಿ ಗಂಟುಗಳಾಗಿ ಮೂರ್ಛೆರೋಗ ತರಬಲ್ಲವು.

ಚರಕಸಂಹಿತೆಯ ವಿಮಾನಸ್ಥಾನವು 20 ಬಗೆಯ ಕ್ರಿಮಿಗಳನ್ನು ಹೇಳಿ, ಚಿಕಿತ್ಸೆಗೆ ಮೂರು ಹಂತಗಳನ್ನು ವಿಧಿಸಿದೆ: ಕ್ರಿಮಿಯನ್ನು ಹೊರತೆಗೆಯುವ ಅಪಕರ್ಷಣ, ಅದು ಬೆಳೆಯುವ ಪರಿಸ್ಥಿತಿಯನ್ನು ಕೆಡಿಸುವ ಪ್ರಕೃತಿವಿಘಾತ, ಕಾರಣವನ್ನೇ ದೂರಮಾಡುವ ನಿದಾನಪರಿವರ್ಜನ. ವಾಯುವಿಳಂಗ ಮೊದಲಾದ ಔಷಧಿಗಳು ಮೊದಲೆರಡು ಹಂತಗಳಿಗೆ ಮಾತ್ರ. ಮೂರನೆಯದನ್ನು ಮನೆಯವರೇ ಮಾಡಬೇಕು.

ಮೂರನೆಯ ಹಂತದ ಬಲಕ್ಕೆ ನಮ್ಮ ಚಿತ್ರದುರ್ಗ ಜಿಲ್ಲೆಯೇ ಸಾಕ್ಷಿ. ಆಯುರ್ವೇದವು ಸ್ನಾಯುಕವೆಂದು ಕರೆದ ನಾರುಹುಣ್ಣು ಒಂದು ಕಾಲದಲ್ಲಿ ಇಲ್ಲಿನ ಜನರನ್ನು ಬಹುವಾಗಿ ಕಾಡಿತ್ತು. ಹೆಚ್ಚುಕಡಿಮೆ ಎರಡು ಮೂರು ಅಡಿ ಉದ್ದದ ದುಂಡುಹುಳು ಕಾಲಿನ ಬೊಕ್ಕೆಯಿಂದ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುತ್ತಿದ್ದರು. ಆ ರೋಗಿ ಮೆಟ್ಟಿಲು ಬಾವಿಗಿಳಿದರೆ ಹುಳು ನೀರಿಗೆ ಮರಿಗಳನ್ನು ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ಆ ಮರಿಗಳನ್ನು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷದ ನಂತರ ಹುಣ್ಣು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿಯವರು ಈ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1932ರಲ್ಲಿ ಪ್ರಕಟವಾಯಿತು. 1936ರಲ್ಲಿ ಅವರು ಸ್ವೀಟ್ ಎಂಬ ವಿಜ್ಞಾನಿಯೊಡನೆ, ಸೈಕ್ಲಾಪ್ಸ್ ತಿನ್ನುವ ಮೀನುಗಳನ್ನು ಬಾವಿಗೆ ಬಿಡುವ ಉಪಾಯವನ್ನು ವಿವರಿಸಿದರು.

ಈ ರೋಗಕ್ಕೆ ಲಸಿಕೆಯಿರಲಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಕೊಳವೆಬಾವಿ ತೋಡುವುದು, ಹುಣ್ಣಿದ್ದವರು ನೀರಿಗಿಳಿಯದಂತೆ ನೋಡಿಕೊಳ್ಳುವುದು ಇಂತಹ ಕ್ರಮಗಳಿಂದಲೇ ಅದು ಅಳಿಯಿತು. ಭಾರತದ ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರಲ್ಲಿ ಕಂಡುಬಂದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಿತು.

ಉಳಿದ ಹುಳುಗಳಿಗೂ ಇದೇ ನ್ಯಾಯ. ಶೌಚಾಲಯವನ್ನು ಬಳಸಿರಿ. ಹೊಲಕ್ಕೆ, ಹಟ್ಟಿಗೆ ಹೋಗುವಾಗ ಮಕ್ಕಳಿಗೂ ಚಪ್ಪಲಿ ತೊಡಿಸಿರಿ. ಮಕ್ಕಳ ಉಗುರು ಕತ್ತರಿಸಿ, ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಸಿರಿ. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿಗಳನ್ನು ಚೆನ್ನಾಗಿ ತೊಳೆಯಿರಿ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿರಿ; ನಾನು ಆಯುರ್ವೇದ ವೈದ್ಯನಾಗಿಯೂ ಈ ಮಾತನ್ನು ಹೇಳುತ್ತೇನೆ. ಮಗು ಬಿಳಿಚಿಕೊಂಡು ಬಳಲಿದ್ದರೆ ಮಲ ಮತ್ತು ರಕ್ತ ಪರೀಕ್ಷೆ ಮಾಡಿಸಿ, ಯಾವ ಹುಳುವೆಂದು ತಿಳಿದ ಮೇಲೆಯೇ ಚಿಕಿತ್ಸೆ ಪಡೆಯಿರಿ.