ಮರಿಹಾವಿನ ಹಸಿವಿನ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟ, ಸೊಪ್ಪಿನ ಬೆಟ್ಟ ಮತ್ತು ಗದ್ದೆಯಂಚುಗಳಲ್ಲಿ ಮಳೆಗಾಲದ ಮೊದಲ ತಿಂಗಳುಗಳು ಮರಿಹಾವುಗಳ ಕಾಲ. ನಾಗರಹಾವು ಬೇಸಿಗೆಯಲ್ಲಿ ಹುತ್ತ ಅಥವಾ ಇಲಿಬಿಲದೊಳಗೆ ಇಟ್ಟ ಮೊಟ್ಟೆಗಳು ಸುಮಾರು ಎರಡು ತಿಂಗಳಲ್ಲಿ ಒಡೆಯುತ್ತವೆ. ಕಾಳಿಂಗ ಸರ್ಪವು ತರಗೆಲೆಗಳನ್ನು ರಾಶಿ ಹಾಕಿ ಕಟ್ಟಿದ ಗೂಡಿನಿಂದ ಅರ್ಧ ಮೀಟರಿನಷ್ಟು ಉದ್ದದ ಮರಿಗಳು ಹೊರಬೀಳುತ್ತವೆ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಕೊಳಕುಮಂಡಲದ ಸಂತತಿಯೂ ಬಹುಮಟ್ಟಿಗೆ ಇದೇ ಹಂಗಾಮಿನಲ್ಲಿ ಕಾಣಿಸಿಕೊಳ್ಳುತ್ತದೆ. ಹುಟ್ಟಿದ ದಿನದಿಂದಲೇ ತಾಯಿಯ ನೆರವಿಲ್ಲದೆ ಬದುಕಬೇಕಾದ ಈ ಮರಿಗಳು ಎಷ್ಟು ದಿನಕ್ಕೊಮ್ಮೆ ಉಣ್ಣುತ್ತವೆ ಎಂಬ ಪ್ರಶ್ನೆಗೆ ಉತ್ತರವು ದಿನಗಳ ಎಣಿಕೆಯಲ್ಲಿಲ್ಲ, ಅವುಗಳ ದೇಹದ ಗಾತ್ರ, ಸುತ್ತಲಿನ ಉಷ್ಣತೆ ಮತ್ತು ಬೇಟೆಯ ಕ್ರಮ ಈ ಮೂರರ ಹೊಂದಾಣಿಕೆಯಲ್ಲಿದೆ.

ಹಾವುಗಳು ಬಾಹ್ಯೋಷ್ಣ ಜೀವಿಗಳು, ಅಂದರೆ ದೇಹದ ಬಿಸಿಯನ್ನು ಆಹಾರ ಸುಟ್ಟು ಉತ್ಪಾದಿಸದೆ ಬಿಸಿಲು, ನೆಲ, ಕಲ್ಲುಗಳಿಂದ ಪಡೆಯುವಂಥವು. ಬೆಕ್ಕು, ಮುಂಗುಸಿಯಂಥ ಸಸ್ತನಿಗಳು ತಿಂದದ್ದರ ದೊಡ್ಡ ಪಾಲನ್ನು ಮೈ ಬೆಚ್ಚಗಿಡಲು ವ್ಯಯಿಸುವುದರಿಂದ ಅವುಗಳಿಗೆ ದಿನವೂ ಆಹಾರ ಬೇಕು. ಅಷ್ಟೇ ತೂಕದ ಹಾವಿಗೆ ಅದರ ಹತ್ತನೆಯ ಒಂದು ಪಾಲಿನಷ್ಟೋ ಅದಕ್ಕೂ ಕಡಿಮೆಯೋ ಶಕ್ತಿ ಸಾಕಾಗುವುದರಿಂದ ಅದು ವಾರಗಟ್ಟಲೆ ಉಪವಾಸವಿರಬಲ್ಲದು. ಆದರೆ ಚಯಾಪಚಯ, ಅಂದರೆ ಆಹಾರವನ್ನು ಶಕ್ತಿಯಾಗಿಯೂ ಅಂಗಾಂಶವಾಗಿಯೂ ಮಾರ್ಪಡಿಸುವ ದೇಹದ ಒಟ್ಟು ರಾಸಾಯನಿಕ ಕ್ರಿಯೆ, ಪ್ರತಿ ಗ್ರಾಂ ತೂಕಕ್ಕೆ ಲೆಕ್ಕ ಹಾಕಿದಾಗ ಸಣ್ಣ ದೇಹದಲ್ಲಿ ಚುರುಕು, ದೊಡ್ಡ ದೇಹದಲ್ಲಿ ನಿಧಾನ. ಮರಿಯಲ್ಲಿ ಕೊಬ್ಬಿನ ದಾಸ್ತಾನು ಕಡಿಮೆ, ಬೆಳವಣಿಗೆಯ ಬೇಡಿಕೆ ಹೆಚ್ಚು, ಒಂದು ಸಲಕ್ಕೆ ನುಂಗಬಲ್ಲ ತುತ್ತೂ ಚಿಕ್ಕದು. ಆದ್ದರಿಂದಲೇ ದೊಡ್ಡ ಹಾವಿಗಿಂತ ಮರಿಹಾವು ಹೆಚ್ಚು ಬಾರಿ ಉಣ್ಣಬೇಕಾಗುತ್ತದೆ.

ಹಾಗಿದ್ದೂ ಮೊಟ್ಟೆಯೊಡೆದ ಕೂಡಲೇ ಮರಿಯು ಬೇಟೆಗಿಳಿಯಬೇಕಾಗಿಲ್ಲ. ಮೊಟ್ಟೆಯ ಹಳದಿ ಭಾಗದಲ್ಲಿ ಉಳಿದದ್ದು ಅದರ ಹೊಟ್ಟೆಯೊಳಗೇ ಸೇರಿಕೊಂಡಿದ್ದು, ಮೊದಲ ಕೆಲವು ದಿನಗಳ ಬುತ್ತಿಯಾಗಿ ಒದಗುತ್ತದೆ. ಅನೇಕ ಜಾತಿಗಳಲ್ಲಿ ಮರಿಯು ಒಂದೆರಡು ವಾರಗಳೊಳಗೆ ಮೊದಲ ಸಲ ಪೊರೆ ಬಿಟ್ಟು, ಅನಂತರವೇ ಆಹಾರದತ್ತ ಗಂಭೀರವಾಗಿ ಗಮನ ಹರಿಸುತ್ತದೆ. ಪೊರೆ ಬಿಡುವ ಮುನ್ನ ಕಣ್ಣು ಮಸುಕಾಗಿ ಹಾಲುಬಣ್ಣಕ್ಕೆ ತಿರುಗಿರುವ ದಿನಗಳಲ್ಲಿ ಹಾವು ಆಹಾರ ನಿರಾಕರಿಸುವುದು ಸಹಜವೇ ಹೊರತು ರೋಗವಲ್ಲ.

ಹಾವು ಸಾಕುವ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಈ ತಿಳಿವಳಿಕೆಯೇ ಆಹಾರದ ವೇಳಾಪಟ್ಟಿಯಾಗಿದೆ. ಅಮೆರಿಕ ಮೂಲದ ಕಾರ್ನ್ ಸ್ನೇಕ್ ಎಂಬ ವಿಷರಹಿತ ಹಾವಿನ ಮರಿಗೆ ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೊಮ್ಮೆ ಕೂದಲು ಮೂಡದ ಒಂದು ಇಲಿಮರಿಯನ್ನೂ, ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ಒಂದು ಇಲಿಯನ್ನೂ ಕೊಡುವುದು ರೂಢಿ. ಬೇಟೆಯು ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚು ದಪ್ಪವಿರಬಾರದು. ಉಂಡ ಮೇಲೆ ಎರಡು ದಿನ ಹಾವನ್ನು ಮುಟ್ಟಬಾರದು. ಮೈಗೆ ಸಾಕಷ್ಟು ಬಿಸಿ ಸಿಗದಿದ್ದರೆ ಜೀರ್ಣರಸಗಳು ಮಂದವಾಗಿ, ನುಂಗಿದ್ದು ಒಳಗೇ ಕೊಳೆತು, ಹಾವು ಅದನ್ನು ಕಕ್ಕಿಬಿಡುತ್ತದೆ. ಭಾರತದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿನ ಕಾಡುಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಹೀಗಾಗಿ ಮಲೆನಾಡಿನ ಮರಿಹಾವಿನ ವೇಳಾಪಟ್ಟಿಯನ್ನು ತೋಟದಲ್ಲೂ ಕಾಡಿನಲ್ಲೂ ಅರಸಬೇಕು.

ಅಲ್ಲಿ ಎರಡು ಬಗೆಯ ಬೇಟೆಗಾರರಿದ್ದಾರೆ. ಕೇರೆಹಾವು ಹಗಲಿನಲ್ಲಿ ಓಡಾಡಿ ಕಪ್ಪೆ, ಇಲಿಗಳನ್ನು ಬೆನ್ನಟ್ಟುವ ಅರಸುಬೇಟೆಗಾರ. ಅದು ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ, ಹೆಚ್ಚು ಬಾರಿ ಉಣ್ಣುತ್ತದೆ. ಕಣ್ಣು ಮೂಗುಗಳ ನಡುವೆ ಶಾಖ ಗ್ರಹಿಸುವ ಕುಳಿಯಿರುವ ಮಲಬಾರ್ ಗುಳಿಮಂಡಲದಂಥವು ಒಂದೇ ಕೊಂಬೆಯ ಮೇಲೆ ದಿನಗಟ್ಟಲೆ ಕದಲದೆ ಕಾಯುವ ಹೊಂಚುಬೇಟೆಗಾರರು. ಅವುಗಳಿಗೆ ಅಪರೂಪಕ್ಕೊಮ್ಮೆ ಸಿಕ್ಕಿದ ಊಟ ಬಹುಕಾಲಕ್ಕಾಗುತ್ತದೆ. ಗುಳಿಮಂಡಲಗಳ ಬಳಗದಲ್ಲೇ ಮೂತಿಯ ತುದಿ ಮೇಲೆದ್ದಿರುವ ಒಂದು ಪುಟ್ಟ ಜಾತಿಯು ಬಾಲದ ತುದಿಯನ್ನು ಹುಳದಂತೆ ಕೊಂಕಿಸಿ ಕಪ್ಪೆ, ಹಲ್ಲಿಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಹೊಂಚುಬೇಟೆಯ ಹಾವುಗಳ ದೇಹವು ಈ ಕ್ರಮಕ್ಕೆ ಎಷ್ಟು ಆಳವಾಗಿ ಒಗ್ಗಿದೆ ಎಂಬುದನ್ನು 1990ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಸೆಕೋರ್ ಮತ್ತು ಜೇರೆಡ್ ಡೈಮಂಡ್ ತೋರಿಸಿಕೊಟ್ಟರು. ನಮ್ಮ ಹೆಬ್ಬಾವಿನ ಹತ್ತಿರದ ಸಂಬಂಧಿಯಾದ ಬರ್ಮಾ ಹೆಬ್ಬಾವಿನಲ್ಲಿ ಉಪವಾಸದ ವೇಳೆ ಕುಗ್ಗಿರುವ ಸಣ್ಣಕರುಳು ಉಂಡ ಒಂದೇ ದಿನದಲ್ಲಿ ತೂಕದಲ್ಲಿ ದುಪ್ಪಟ್ಟಾಗುತ್ತದೆ, ಭಾರಿ ಊಟವಾದರೆ ಚಯಾಪಚಯದ ವೇಗ 40 ಪಟ್ಟನ್ನೂ ಮೀರುತ್ತದೆ. ಮೇಲಿಂದ ಮೇಲೆ ಉಣ್ಣುವ ಹಾವುಗಳು ಕರುಳನ್ನು ಸದಾ ಸಜ್ಜಾಗಿಟ್ಟುಕೊಂಡಿರುವುದರಿಂದ ಅವುಗಳಲ್ಲಿ ಈ ಏರಿಳಿತ ಕಡಿಮೆ.

ಕಾಳಿಂಗದ ಮರಿಯ ಪಾಡು ಇನ್ನೂ ಇಕ್ಕಟ್ಟಿನದು. ಇದರ ಮುಖ್ಯ ಆಹಾರ ಇತರ ಹಾವುಗಳೇ ಆದ್ದರಿಂದ, ಮರಿಗೆ ತನಗಿಂತ ಸಣ್ಣ ಹಾವುಗಳು ಸಿಗಬೇಕು. ಗೂಡನ್ನು ಕಾಯುವ ತಾಯಿ ಮೊಟ್ಟೆಗಳು ಒಡೆಯುವ ಮುನ್ನವೇ ಅಲ್ಲಿಂದ ಹೊರಟುಹೋಗುವುದಕ್ಕೂ ಈ ಆಹಾರಕ್ರಮಕ್ಕೂ ನಂಟಿರಬಹುದೆಂದು ಅನೇಕರು ಊಹಿಸುತ್ತಾರೆ.

ಮರಿಗಳು ಹೊರಬರುವ ಹೊತ್ತಿಗೇ ಬರುವ ನಾಗರಪಂಚಮಿಯಲ್ಲಿ ಹುತ್ತಕ್ಕೆ ಎರೆಯುವ ಹಾಲು ಭಕ್ತಿಯ ಅರ್ಪಣೆಯೇ ಹೊರತು ಹಾವಿನ ಆಹಾರವಲ್ಲ. ಹಾವು ಸಸ್ತನಿಯಲ್ಲವಾದ್ದರಿಂದ ಹಾಲು ಅದರ ಸಹಜ ಆಹಾರಕ್ರಮದಲ್ಲೇ ಇಲ್ಲ. ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುವುದು ಬಹುದಿನ ನೀರಿಲ್ಲದೆ ಬಾಯಾರಿದ್ದರಿಂದ. ಅದೇ ರೀತಿ, ಮನೆಯೊಳಗೆ ಸಿಕ್ಕಿದ ಮರಿಗೆ ಏನನ್ನಾದರೂ ತಿನ್ನಿಸಬೇಕೆಂಬ ಕನಿಕರವೂ ಅನಗತ್ಯ ಮತ್ತು ಅಪಾಯಕರ, ಏಕೆಂದರೆ ನಾಗರ, ಕಾಳಿಂಗ, ಕೊಳಕುಮಂಡಲಗಳ ಮರಿಗೆ ಹುಟ್ಟುವಾಗಲೇ ವಿಷವಿರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ತರಬೇತಿಯಿರುವವರ ಮೂಲಕ ಅದನ್ನು ಬೇಗನೆ ಹತ್ತಿರದ ನೆಲೆಗೆ ಸೇರಿಸಿದರೆ ಸಾಕು. ಕೆಲವು ದಿನದ ಉಪವಾಸ ಅದನ್ನು ಕೊಲ್ಲುವುದಿಲ್ಲ.

ಮರಿಯ ಊಟ ನಿಜಕ್ಕೂ ಅವಲಂಬಿಸಿರುವುದು ತೋಟದ ಸ್ಥಿತಿಯನ್ನು. ಮಳೆ ಹಿಡಿದ ಕೂಡಲೇ ಕಾದಿಗೆಗಳಲ್ಲಿ, ಅಂದರೆ ಅಡಿಕೆ ಸಾಲುಗಳ ನಡುವಣ ಬಸಿಗಾಲುವೆಗಳಲ್ಲಿ ಕಪ್ಪೆಮರಿಗಳು ತುಂಬುತ್ತವೆ. ಬುಡಕ್ಕೆ ಹೊದಿಸಿದ ಸೊಪ್ಪು, ತರಗೆಲೆಗಳಡಿ ಹಾವುರಾಣಿಗಳೂ ಹುಳುಗಳೂ ಆಶ್ರಯ ಪಡೆಯುತ್ತವೆ. ತೆಳ್ಳನೆಯ ಬಾಯಿಗೆ ಹಿಡಿಯುವ ಬೇಟೆ ಇಷ್ಟು ಹೇರಳವಾಗಿ ಸಿಗುವ ಹಂಗಾಮು ವರ್ಷದಲ್ಲಿ ಬೇರೊಂದಿಲ್ಲ. ಕಳೆನಾಶಕ, ಕೀಟನಾಶಕಗಳಿಂದ ಕಾದಿಗೆ ಬರಿದಾದರೆ ಮರಿಯ ಎರಡು ಊಟಗಳ ನಡುವಿನ ಅಂತರ ಅದು ತಾಳಬಲ್ಲ ಮಿತಿಯನ್ನು ದಾಟುತ್ತದೆ. ಅದರ ಫಲವಾಗಿ ಮುಂದಿನ ವರ್ಷಗಳಲ್ಲಿ ಇಲಿ ಹಿಡಿಯುವ ಕೇರೆಗಳ ಸಂಖ್ಯೆ ತಗ್ಗಿ, ಇಲಿಗಳು ಹೆಚ್ಚಲು ದಾರಿಯಾಗುತ್ತದೆ.